ನೀರು ಬಿಟ್ಟರೆ ದಾರಿ: ಕೇರ್ನ್‌ಗಾರ್ಮ್ ಬೆಟ್ಟಗಳಲ್ಲಿ ಟೆಂಟ್ ಹೊತ್ತು ನಡೆದದ್ದು

ರೈಲಿನಲ್ಲಿ ಬ್ಲೇರ್ ಅಥೋಲ್‌ನಿಂದ ಅವಿಮೋರ್‌ಗೆ ಸುಮಾರು ಒಂದು ಗಂಟೆ. ನಡೆದು ಹೋದರೆ ನಡುವೆ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಬೆಟ್ಟಸಾಲು ಪೂರ್ತಿ ಸಿಗುತ್ತದೆ. ಅಂಗಡಿ ಇಲ್ಲ, ಡಾಂಬರು ರಸ್ತೆ ಇಲ್ಲ, ಹೆಚ್ಚಿನ ಕಡೆ ಫೋನ್ ಸಿಗ್ನಲ್ಲೂ ಇಲ್ಲ. ಜೂನ್ ಮೊದಲ ವಾರ ನಾವು ಮೂವರು ಟೆಂಟು, ಒಲೆ, ಊಟ ಎಲ್ಲ ಬೆನ್ನ ಮೇಲೆ ಹೊತ್ತು ಈ ದಾರಿ ಹಿಡಿದೆವು.

ಮೂವರು ಅಂದರೆ ನಾನು, ಭಟ್ರು, ಡಾಕ್ಟ್ರು. ಭಟ್ರು ಶಿರಸಿ ಕಡೆಯವರು, ಲೀಡ್ಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಡಾಕ್ಟ್ರು ದಾವಣಗೆರೆಯ ಹೆಣ್ಣುಮಗಳು, ಡಂಡೀ ಊರಿನ ಆಸ್ಪತ್ರೆಯಲ್ಲಿದ್ದಾರೆ. ನಾನು ಎಡಿನ್‌ಬರಾದಲ್ಲಿ. ಮೂವರಿಗೂ ಒಟ್ಟಿಗೆ ರಜೆ ಸಿಗೋದೇ ಅಪರೂಪ. ಹಾಗಾಗಿ ಹವಾಮಾನ ನೋಡಿ ದಿನ ಆರಿಸುವ ಭಾಗ್ಯ ನಮಗಿರಲಿಲ್ಲ.

ಸ್ಕಾಟ್ಲೆಂಡನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಇಂಗ್ಲೆಂಡಿನಲ್ಲಿ ಬೆಟ್ಟದ ಮೇಲೆ ರಾತ್ರಿ ಟೆಂಟ್ ಹಾಕಬೇಕೆಂದರೆ ಸಾಮಾನ್ಯವಾಗಿ ಜಮೀನಿನ ಮಾಲೀಕರ ಒಪ್ಪಿಗೆ ಬೇಕು. ಡಾರ್ಟ್‌ಮೂರ್ ಒಂದು ದೊಡ್ಡ ಅಪವಾದ. ಅಲ್ಲಿನ ಹಕ್ಕಿನ ಜಗಳವೂ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2025ರ ಮೇ ತಿಂಗಳಲ್ಲಿ ಟೆಂಟ್ ಹಾಕುವವರ ಪರವಾಗಿ ತೀರ್ಪು ಬಂತು. ಸ್ಕಾಟ್ಲೆಂಡಿನಲ್ಲಿ 2003ರ ಭೂ ಸುಧಾರಣಾ ಕಾಯ್ದೆ ಎಲ್ಲರಿಗೂ ನಡೆಯುವ, ರಾತ್ರಿ ತಂಗುವ ಹಕ್ಕು ಕೊಟ್ಟಿದೆ. ಜವಾಬ್ದಾರಿಯಿಂದ ಇರಬೇಕು, ಅಷ್ಟೇ. ಗುಂಪು ಚಿಕ್ಕದಿರಲಿ, ಒಂದೇ ಜಾಗದಲ್ಲಿ ಎರಡು ಮೂರು ರಾತ್ರಿಗಿಂತ ಜಾಸ್ತಿ ಕೂರಬೇಡಿ, ಹೋಗುವಾಗ ಗುರುತು ಬಿಡಬೇಡಿ. ಕುಮಾರ ಪರ್ವತಕ್ಕೆ ಆನ್‌ಲೈನ್ ಟಿಕೆಟ್ ಹುಡುಕಿ ಸುಸ್ತಾಗಿದ್ದ ಭಟ್ರಿಗೆ ಇದನ್ನು ನಂಬೋಕೇ ಆಗಲಿಲ್ಲ. "ಯಾರನ್ನೂ ಕೇಳೋದು ಬೇಡ್ವಾ? ಒಂದು ಚೀಟಿನಾದ್ರೂ?" ಅಂತ ರೈಲಿನಲ್ಲೂ ಕೇಳುತ್ತಲೇ ಇದ್ದರು.

ಶುಕ್ರವಾರ: ಗ್ಲೆನ್ ಟಿಲ್ಟ್ ಕಣಿವೆ

ಬ್ಲೇರ್ ಅಥೋಲ್‌ನಲ್ಲಿ ಇಳಿದಾಗ ಬಿಸಿಲಿತ್ತು. ಊರಿನ ಹಳೆಯ ನೀರಿನ ಗಿರಣಿಯಲ್ಲಿ ಇವತ್ತಿಗೂ ಹಿಟ್ಟು ಬೀಸುತ್ತಾರೆ, ಅಲ್ಲೇ ಬ್ರೆಡ್ ಸುಡುತ್ತಾರೆ. ಮುಂದೆ ಅಂಗಡಿ ಇಲ್ಲವೆಂಬ ನೆಪದಲ್ಲಿ ಚೆನ್ನಾಗಿಯೇ ತಿಂದೆವು. ಮರಗಳ ಆಚೆ ಈ ಸೀಮೆಯ ಹಳೆಯ ಒಡೆಯರಾದ ಅಥೋಲ್ ಡ್ಯೂಕ್ ಮನೆತನದ ಬಿಳಿ ಕೋಟೆ. ಈ ಡ್ಯೂಕ್‌ಗೆ ಇಂದಿಗೂ ಸ್ವಂತ ಸೈನ್ಯವಿದೆ! ಅಥೋಲ್ ಹೈಲ್ಯಾಂಡರ್ಸ್ ಅಂತ ಹೆಸರು. ಯುರೋಪಿನಲ್ಲಿ ಉಳಿದಿರುವ ಒಂದೇ ಖಾಸಗಿ ಪಡೆ, ಈಗ ಮೆರವಣಿಗೆಗಷ್ಟೇ.

ದಾರಿ ಟಿಲ್ಟ್ ನದಿಯ ಪಕ್ಕದಲ್ಲೇ ಹೋಗುತ್ತದೆ. ಮೊದಲು ಒಂದಷ್ಟು ದೂರ ದೊಡ್ಡ ಮರಗಳ ನೆರಳು, ಆಮೇಲೆ ಬೋಳು ಬೆಟ್ಟ. ಕಣಿವೆ ಎಷ್ಟು ನೇರವಾಗಿದೆ ಅಂದರೆ ಮುಂದಿನ ಎರಡು ಗಂಟೆ ನಡೆಯಬೇಕಾದ ಜಾಗ ಈಗಲೇ ಕಣ್ಣಿಗೆ ಕಾಣುತ್ತದೆ. ನೆಲದೊಳಗಿನ ದೊಡ್ಡ ಬಿರುಕಿನ ಗುಂಟ ನದಿ ಕೊರೆದಿದ್ದರಿಂದ ಹೀಗೆ. 1785ರಲ್ಲಿ ಜೇಮ್ಸ್ ಹಟನ್ ಎಂಬ ಭೂವಿಜ್ಞಾನಿ ಇಲ್ಲಿಗೇ ಬಂದಿದ್ದ. ಬೂದು ಬಂಡೆಯ ಒಳಗೆ ಕೆಂಪು ಗ್ರಾನೈಟ್ ಎಳೆಎಳೆಯಾಗಿ ನುಗ್ಗಿರುವುದನ್ನು ಹೊಳೆಯ ತಳದಲ್ಲಿ ಕಂಡ. ಗ್ರಾನೈಟ್ ಒಂದು ಕಾಲಕ್ಕೆ ಕರಗಿದ ದ್ರವವಾಗಿತ್ತು, ಸುತ್ತಲಿನ ಬಂಡೆಗಿಂತ ಆಮೇಲೆ ಬಂದದ್ದು ಎಂದು ಅದರಿಂದ ತೋರಿಸಿದ. ನಾವು ಹೊಳೆಗೆ ಬಗ್ಗಿ ಬಗ್ಗಿ ಹುಡುಕಿದೆವು. ಕೆಂಪು ಕಲ್ಲು ಬೇಕಾದಷ್ಟು ಕಂಡವು. ಹಟನ್ ನೋಡಿದ್ದು ಅದೇನಾ ಅಂತ ಹೇಳೋಕೆ ನಮ್ಮಲ್ಲಿ ಯಾರೂ ಭೂವಿಜ್ಞಾನಿ ಇರಲಿಲ್ಲ.

"ಎಂತ ಮಾರಾಯ್ರೆ, ಇಷ್ಟು ನೀರಿದೆ, ಒಂದು ಮರ ಇಲ್ಲ?" ಇದು ಶಿರಸಿಯವರ ದೂರು. ಕಾರಣ ಜಿಂಕೆ. ಬೇಟೆಗಾಗಿ ಕೆಂಪು ಜಿಂಕೆಗಳನ್ನು ತಲೆಮಾರುಗಟ್ಟಲೆ ಬೆಳೆಯಲು ಬಿಟ್ಟರು. ಅವುಗಳನ್ನು ತಿನ್ನುವ ತೋಳ ಇಲ್ಲಿ ನಾಶವಾಗಿ ಬಹಳ ಕಾಲವಾಯಿತು. ಮೊಳಕೆ ಬಂದ ಸಸಿಯನ್ನೆಲ್ಲ ಜಿಂಕೆಗಳೇ ಮೇಯ್ದು ಮುಗಿಸುತ್ತವೆ.

ಫಾರೆಸ್ಟ್ ಲಾಡ್ಜ್ ಅನ್ನೋ ಬಂಗಲೆ ದಾಟುವಾಗ ಹಿಂದಿನಿಂದ ಒಂದು ಜೀಪು ಬಂತು. ಎಸ್ಟೇಟಿನ ಕಾವಲಿನವರು, ಐವತ್ತು ದಾಟಿದ ಮನುಷ್ಯ. ಭಟ್ರು ಕೂಡಲೇ ನಕ್ಷೆ ಹೊರತೆಗೆದು, ಎಲ್ಲಿಂದ ಎಲ್ಲಿಗೆ, ಎಷ್ಟು ರಾತ್ರಿ, ಬೆಂಕಿ ಹಾಕಲ್ಲ ಅಂತ ವಿವರ ಒಪ್ಪಿಸಲು ಶುರುಮಾಡಿದರು. ಆತ ಪೂರ್ತಿ ಕೇಳಿಸಿಕೊಂಡು ನಕ್ಕರು. "ನನ್ನನ್ನು ಕೇಳೋದು ಏನೂ ಬೇಡ. ರಾತ್ರಿ ಮಳೆ ಇದೆ. ನಾಳೆ ಗೆಲ್ಡಿ ಹೊಳೆಯನ್ನು ಕೇಳಿ" ಅಂದು ಹೊರಟರು. ಆ ಮಾತು ಆಗ ತಮಾಷೆಯಾಗಿ ಕೇಳಿಸಿತು.

ಇದೇ ದಾರಿಯಲ್ಲಿ 1847ರಲ್ಲಿ ಚಿತ್ರ ಬೇರೆಯಿತ್ತು. ಎಡಿನ್‌ಬರಾದ ಸಸ್ಯಶಾಸ್ತ್ರದ ಪ್ರೊಫೆಸರ್ ಬಾಲ್ಫರ್ ತಮ್ಮ ವಿದ್ಯಾರ್ಥಿಗಳ ಜೊತೆ ಗಿಡ ಹುಡುಕುತ್ತ ಬಂದಾಗ ಆಗಿನ ಡ್ಯೂಕ್ ಮತ್ತು ಅವನ ಆಳುಗಳು ಅಡ್ಡ ನಿಂತರು. ಹಿಂದಕ್ಕೆ ಹೋಗಿ ಅಂದರು. ಹುಡುಗರು ಗೋಡೆ ಹಾರಿ ಮುಂದಕ್ಕೆ ಓಡಿದರಂತೆ. ಆ ಜಗಳ ಕೋರ್ಟಿಗೆ ಹೋಗಿ, ಇದು ಸಾರ್ವಜನಿಕ ದಾರಿ ಎಂದು ಗಟ್ಟಿಯಾಯಿತು. ನಾವು ಈಗ ಆರಾಮಾಗಿ ಕೈಬೀಸಿ ನಡೆಯುತ್ತಿರುವುದಕ್ಕೆ ಆ ಗಿಡದ ಮೇಷ್ಟ್ರಿಗೂ ಒಂದು ಪಾಲು ಸಲ್ಲಬೇಕು.

ಸಂಜೆ ಏಳರ ಹೊತ್ತಿಗೆ ಟಾರ್ಫ್ ಜಲಪಾತ ಬಂತು. ಬ್ಲೇರ್ ಅಥೋಲ್‌ನಿಂದ ಇಲ್ಲಿಗೆ ಇಪ್ಪತ್ತು ಕಿಲೋಮೀಟರ್ ಮೇಲಿದೆ. ಟಾರ್ಫ್ ಹೊಳೆ ಇಲ್ಲಿ ಕಪ್ಪು ಬಂಡೆಗಳ ಮೇಲೆ ಬಿದ್ದು ಟಿಲ್ಟ್ ಸೇರುತ್ತದೆ. ಮೇಲೆ ಒಂದು ತೂಗುಸೇತುವೆ. ಅದರ ಮೇಲಿನ ಫಲಕ ಓದಿ ಡಾಕ್ಟ್ರು ಸುಮ್ಮನಾದರು. 1879ರ ಆಗಸ್ಟ್ 25ರಂದು ಫ್ರಾನ್ಸಿಸ್ ಜಾನ್ ಬೆಡ್‌ಫರ್ಡ್ ಎಂಬ 18 ವರ್ಷದ ಹುಡುಗ ಇಲ್ಲೇ ಹತ್ತಿರ ಮುಳುಗಿ ಸತ್ತ. ಅವನ ಗೆಳೆಯರು, ಮತ್ತೆ ದಾರಿಯ ಹಕ್ಕಿಗಾಗಿ ಹೋರಾಡುತ್ತಿದ್ದ ಸಂಘದವರು ಹಣ ಸೇರಿಸಿ 1886ರಲ್ಲಿ ಈ ಸೇತುವೆ ಕಟ್ಟಿದರು. ವಿಕ್ಟೋರಿಯಾ ರಾಣಿ 1861ರಲ್ಲಿ ಇದೇ ಹೊಳೆಯನ್ನು ಕುದುರೆ ಮೇಲೆ ದಾಟಿದ್ದಳು. ವಾದ್ಯದವರು ಬ್ಯಾಗ್‌ಪೈಪ್ ಊದುತ್ತ ಮುಂದೆ ನೀರಿಗಿಳಿದಿದ್ದರಂತೆ. ರಾಣಿಗೆ ಸೇತುವೆ ಬೇಕಾಗಿರಲಿಲ್ಲ.

ಸೇತುವೆಯಾಚೆ ಹಸಿರು ಹುಲ್ಲಿನ ಸಮತಟ್ಟು ಜಾಗ. ಟೆಂಟ್ ಹಾಕಲು ಇದಕ್ಕಿಂತ ಚಂದದ ಜಾಗ ಇಲ್ಲ ಅಂದುಕೊಂಡೆವು. ಗಾಳಿ ನಿಂತಿತು. ಹತ್ತೇ ನಿಮಿಷದಲ್ಲಿ ಮಿಜ್ ಹುಳ ಬಂದವು.

ಮಿಜ್ ಅಂದರೆ ನಮ್ಮ ನೊರಜಿನಷ್ಟು ಸಣ್ಣದು, ಆದರೆ ಕಚ್ಚುತ್ತದೆ. ಒಂದಲ್ಲ ಎರಡಲ್ಲ, ಮುಖದ ಮುಂದೆ ಕಪ್ಪು ಮೋಡವೇ ನಿಲ್ಲುತ್ತದೆ. ಕಿವಿಯೊಳಗೆ, ಕೂದಲೊಳಗೆ, ಕುದಿಯುತ್ತಿರುವ ಅನ್ನದೊಳಗೆ. ಮೇ ಕೊನೆಗೆ ಶುರುವಾಗಿ ಸೆಪ್ಟೆಂಬರ್‌ವರೆಗೂ ಇವುಗಳದೇ ರಾಜ್ಯ. ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ಗಾಳಿ ಬೀಸಿದರೂ ಸಾಕು, ಹಾರಲಾರವು. ಹಾಗಾಗಿ ಹೊಳೆ ಪಕ್ಕದ ತಗ್ಗಿಗಿಂತ ಗಾಳಿ ಬೀಸುವ ದಿಣ್ಣೆ ಮೇಲೆ ಟೆಂಟ್ ಹಾಕಬೇಕು ಅಂತ ಇಲ್ಲಿಯವರು ಹೇಳುತ್ತಾರೆ. ನನಗೂ ಡಾಕ್ಟ್ರಿಗೂ ತಲೆಗೆ ಹಾಕುವ ಬಲೆ ಇತ್ತು. ಭಟ್ರು "ಉಂಬಳಕ್ಕೇ ಹೆದರದವ ನಾನು" ಅಂತ ತಂದಿರಲಿಲ್ಲ. ಕೊನೆಗೆ ಮಲಗುವಾಗ ಉಡಲು ತಂದ ಬಿಳಿ ಪಂಚೆಯನ್ನು ತಲೆ ಮೇಲಿಂದ ಹೊದ್ದು, ಅದರೊಳಗೇ ಬಟ್ಟಲು ಹಿಡಿದು ಊಟ ಮಾಡಿದರು. ಆ ಹೊತ್ತಿಗೆ ದೂರದಿಂದ ಯಾರಾದರೂ ನೋಡಿದ್ದರೆ ಕೇರ್ನ್‌ಗಾರ್ಮ್‌ಗೆ ಹೊಸದೊಂದು ದೆವ್ವದ ಕಥೆ ಸೇರುತ್ತಿತ್ತು.

ರಾತ್ರಿ ಹನ್ನೊಂದಕ್ಕೂ ಬೆಳಕಿತ್ತು. ಜೂನಿನಲ್ಲಿ ಇಲ್ಲಿ ಕತ್ತಲೆ ಪೂರ್ತಿ ಆಗೋದೇ ಇಲ್ಲ. ನಿದ್ದೆಗೆ ಕಣ್ಣುಪಟ್ಟಿ ತಂದರೆ ಒಳ್ಳೆಯದು. ಹನ್ನೆರಡರ ಸುಮಾರಿಗೆ ಟೆಂಟಿನ ಮೇಲೆ ಮಳೆ ಶುರುವಾಯಿತು.

ಶನಿವಾರ: ಗೆಲ್ಡಿ ಹೊಳೆ

ಬೆಳಿಗ್ಗೆ ಮಳೆಯಲ್ಲೇ ಟೆಂಟ್ ಮಡಚಿದೆವು. ಒದ್ದೆ ಟೆಂಟು ಒಣಗಿದ್ದಕ್ಕಿಂತ ಎಷ್ಟು ಭಾರ ಅಂತ ಬೆನ್ನಿಗೆ ಗೊತ್ತಾಗುತ್ತದೆ. ಕಣಿವೆ ಕಿರಿದಾಗುತ್ತ ಹೋಗಿ, ದಾರಿ ಗುಡ್ಡದ ಪಕ್ಕೆಯಲ್ಲಿ ಒಂದು ಪಾದದಷ್ಟೇ ಅಗಲ ಉಳಿಯಿತು. ಎಲ್ಲಿಂದಲೋ ಕುಕ್ಕೂ ಹಕ್ಕಿ ಒಂದೇ ಸಮ ಕೂಗುತ್ತಿತ್ತು. ನೆತ್ತಿ ದಾಟಿದ ಮೇಲೆ ಇಡೀ ನೆಲವೇ ಸ್ಪಂಜು. ಬಿಳಿ ಹತ್ತಿ ಹುಲ್ಲು ತಲೆಯಾಡಿಸುತ್ತಿದ್ದ ಕಡೆಯೆಲ್ಲ ಕಾಲಿಟ್ಟರೆ ಮೊಣಕಾಲುದ್ದ ಕೆಸರು. ಮೊದಮೊದಲು ಹುಷಾರಾಗಿ ಹಾರಿ ಹಾರಿ ನಡೆದೆವು. ಒಂದು ಸಲ ಬೂಟಿನೊಳಗೆ ನೀರು ಹೋದ ಮೇಲೆ ಆ ಕಷ್ಟವೇ ಇರಲಿಲ್ಲ.

ಬೈನಾಕ್ ಲಾಡ್ಜ್ ಎಂಬ ಪಾಳುಮನೆ ದಾಟಿ ಗೆಲ್ಡಿಗೆ ಬಂದಾಗ ಮಳೆ ನಿಲ್ಲುತ್ತ ಬಂದಿತ್ತು. ಆದರೆ ಹೊಳೆ! ಮಾಮೂಲಿ ದಿನ ಮೊಣಕಾಲಿಗೂ ಬರದ ನೀರು ಚಹಾದ ಬಣ್ಣಕ್ಕೆ ತಿರುಗಿ ಒಂದೇ ಸಮ ಮೊರೆಯುತ್ತಿತ್ತು. ಕೋಲು ಇಟ್ಟು ನೋಡಿದರೆ ದಡದಲ್ಲೇ ತೊಡೆಯವರೆಗೆ. ಸೇತುವೆ ಇಲ್ಲ. ಆಚೆ ದಡದಲ್ಲಿ ಇಬ್ಬರು ಹೆಂಗಸರು, ಒಂದು ನಾಯಿ. ಅವರೂ ಈಚೆಗೆ ಬರಬೇಕು. ಕೂಗಿದರೆ ಕೇಳಿಸದು. ಅವರು ಕೈ ಅಡ್ಡಡ್ಡ ಆಡಿಸಿದರು, ನಾವೂ ಆಡಿಸಿದೆವು. ಅಲ್ಲಿಗೆ ಮಾತುಕತೆ ಮುಗಿಯಿತು.

ಈಗ ಭಟ್ರ ಮಲೆನಾಡು ಕೆಲಸಕ್ಕೆ ಬಂತು. "ಕುತ್ಕೊಳಿ. ಮಳೆ ನಿಂತಿದೆಯಲ್ಲ, ಏರಿದಷ್ಟೇ ಬೇಗ ಇಳೀತದೆ. ನಮ್ಮನೆ ಹಿಂದಿನ ಹಳ್ಳ ಹೀಗೇ" ಅಂದರು. ನೀರಿನ ಅಂಚಿಗೆ ಸರಿಯಾಗಿ ಒಂದು ಬಿಳಿ ಕಲ್ಲು ಇಟ್ಟು ಪಕ್ಕದಲ್ಲೇ ಕೂತರು. ಡಾಕ್ಟ್ರು ಖಡಕ್ ರೊಟ್ಟಿ ತೆಗೆದರು. ದಾವಣಗೆರೆಯಿಂದ ತಾಯಿ ಕಳಿಸಿದ ಜೋಳದ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿಪುಡಿ. ಬೆಟ್ಟಕ್ಕೆ ಇದಕ್ಕಿಂತ ಒಳ್ಳೆ ಊಟ ಇಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ಹಗುರ, ಕೆಡೋದಿಲ್ಲ, ಒಲೆ ಹಚ್ಚೋದು ಬೇಡ. ಬ್ಯಾಗಿನಲ್ಲಿ ಪುಡಿಯಾದರೂ ಪುಡಿಗೆ ಪುಡಿ ಕಲಸಿಕೊಂಡು ತಿನ್ನಬಹುದು. ನಾನು ಹೊತ್ತು ತಂದಿದ್ದ ದುಬಾರಿ ರೆಡಿಮೇಡ್ ಊಟದ ಪೊಟ್ಟಣಗಳನ್ನು ಆಮೇಲೆ ಯಾರೂ ಕೇಳಲೇ ಇಲ್ಲ.

ಒಂದು ಗಂಟೆಗೆ ಕಲ್ಲಿಗೂ ನೀರಿಗೂ ಒಂದು ಗೇಣು ಅಂತರ ಬಿತ್ತು. ಮಧ್ಯಾಹ್ನ ಎರಡೂವರೆಗೆ ಭಟ್ರು ಎದ್ದರು. ಹೊಳೆ ಅಗಲವಾಗಿ ಹರಡಿದ್ದ ಕಡೆ ಆರಿಸಿಕೊಂಡೆವು. ಅಗಲ ಇದ್ದಲ್ಲಿ ಆಳ ಕಡಿಮೆ. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಟ್ಟೆವು, ಬಿದ್ದರೆ ಬ್ಯಾಗು ನಮ್ಮನ್ನು ಮುಳುಗಿಸಬಾರದಲ್ಲ. ಬೂಟು ಬಿಚ್ಚಲಿಲ್ಲ. ಬರಿಗಾಲು ಆ ಉರುಟು ಕಲ್ಲುಗಳ ಮೇಲೆ ನಿಲ್ಲೋದಿಲ್ಲ. ಮೂವರೂ ಒಬ್ಬರ ಹೆಗಲ ಪಟ್ಟಿ ಒಬ್ಬರು ಹಿಡಿದು, ನೀರು ಬರುವ ಕಡೆಗೆ ಮುಖ ಮಾಡಿ, ಅಡ್ಡಡ್ಡ ಹೆಜ್ಜೆ ಇಟ್ಟೆವು. ತಣ್ಣಗೆ ಅಂದರೆ ಮೂಳೆ ನೋಯುವಷ್ಟು. ನಡುವೆ ಡಾಕ್ಟ್ರು ದಾವಣಗೆರೆ ಭಾಷೆಯಲ್ಲಿ ಹೊಳೆಗೆ ಬೈದಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ದಡ ಹತ್ತಿದರೆ ಭಟ್ರ ಬಲಗಾಲಿನ ಬೂಟು ಬಾಯಿ ತೆರೆದಿತ್ತು. ಅಟ್ಟೆ ಹಿಮ್ಮಡಿಯಿಂದ ಬೆರಳಿನವರೆಗೂ ಬಿಟ್ಟುಕೊಂಡು ಜೋತಾಡುತ್ತಿದೆ. ವರ್ಷಗಟ್ಟಲೆ ಕಪಾಟಿನಲ್ಲಿಟ್ಟ ಬೂಟು ಹೊರಗಿನಿಂದ ಹೊಸದಾಗೇ ಕಾಣುತ್ತದೆ. ಅಟ್ಟೆಯೊಳಗಿನ ಪಾಲಿಯುರೆಥೇನ್ ಮಾತ್ರ ತೇವಾಂಶ ಕುಡಿದು ಪುಡಿಯಾಗಿರುತ್ತದೆ. ಹೊರಡುವ ಮೊದಲು ಕೈಯಲ್ಲಿ ಬಗ್ಗಿಸಿ ನೋಡಬೇಕು. ಪುಣ್ಯಕ್ಕೆ ನನ್ನ ನಡೆಗೋಲಿಗೆ ಒಂದೆರಡು ಮೀಟರ್ ಡಕ್ಟ್ ಟೇಪ್ ಸುತ್ತಿಟ್ಟಿದ್ದೆ. ಬೂಟಿಗೆ ಟೇಪಿನ ಪಟ್ಟಿ ಬಿಗಿದೆವು. ಆಚೆಯ ಇಬ್ಬರು ಹೆಂಗಸರೂ ಅಷ್ಟರಲ್ಲಿ ನಾವು ದಾಟಿದ ಜಾಗದಲ್ಲೇ ಇಳಿದಿದ್ದರು. ನಾಯಿ ಈಜಿ ಮೊದಲೇ ಹೋಗಿ ಅವರಿಗಾಗಿ ಕಾಯುತ್ತಿತ್ತು.

ವೈಟ್ ಬ್ರಿಜ್ ಹತ್ತಿರ ಡೀ ನದಿ ಸಿಕ್ಕಿತು. ಇಲ್ಲಿಂದ ಅದರ ಹುಟ್ಟಿನವರೆಗೂ ಅದರ ಜೊತೆಗೇ ನಡಿಗೆ. ಈ ಭಾಗ ಮಾರ್ ಲಾಡ್ಜ್ ಎಸ್ಟೇಟು. 1995ರಲ್ಲಿ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಇದನ್ನು ಕೊಂಡು, ಜಿಂಕೆಗಳ ಸಂಖ್ಯೆ ಇಳಿಸಿತು. ಅದರ ಫಲ ಕಣ್ಣಿಗೇ ಕಾಣುತ್ತದೆ. ಯಾರೂ ನೆಡದ ಪೈನ್ ಸಸಿಗಳು ಹೀದರ್ ಪೊದೆಗಳ ನಡುವೆ ತಾವಾಗೇ ಎದ್ದಿವೆ. ಸೊಂಟದೆತ್ತರದವು, ಆಳೆತ್ತರದವು. ಭಟ್ರು ಪ್ರತಿಯೊಂದನ್ನೂ ತೋರಿಸುತ್ತ ಬಂದರು.

ಕೊರೌರ್ ಬಾತಿ ತಲುಪಿದಾಗ ರಾತ್ರಿ ಎಂಟು. ಬಾತಿ ಅಂದರೆ ಬೆಟ್ಟದಲ್ಲಿ ಯಾರು ಬೇಕಾದರೂ ಬಂದು ಮಲಗಬಹುದಾದ ಬೀಗ ಹಾಕದ ಕಲ್ಲುಮನೆ. ಬಾಡಿಗೆ ಇಲ್ಲ, ಬುಕಿಂಗ್ ಇಲ್ಲ, ಕರೆಂಟೂ ಇಲ್ಲ. ಕೊರೌರ್ 1877ರಲ್ಲಿ ಜಿಂಕೆ ಕಾಯುವವನಿಗೆ ಕಟ್ಟಿದ್ದು. ಈಗ ಮೌಂಟನ್ ಬಾತೀಸ್ ಅಸೋಸಿಯೇಷನ್‌ನ ಸ್ವಯಂಸೇವಕರು ನೋಡಿಕೊಳ್ಳುತ್ತಾರೆ. ಒಂದೇ ಕೋಣೆ, ಶನಿವಾರವಾದ್ದರಿಂದ ಕಾಲಿಡಲು ಜಾಗವಿರಲಿಲ್ಲ. ಹೊರಗೆ ಟೆಂಟ್ ಹಾಕಿ, ಒಣಗಿಸಲು ಸಾಕ್ಸ್ ಹಿಡಿದು ಒಳಗೆ ಹೋದೆವು.

ಮೂಲೆಯಲ್ಲಿ ಅಬರ್ಡೀನಿನ ಮುದುಕರೊಬ್ಬರು ಚೀಸ್ ಕೊಯ್ಯುತ್ತಿದ್ದರು. ನಿವೃತ್ತರು, ಸಮುದ್ರದ ಎಣ್ಣೆ ಬಾವಿಗಳಲ್ಲಿ ದುಡಿದವರು. ಓಟ್‌ಕೇಕ್ ಕೊಟ್ಟರು. ಡಾಕ್ಟ್ರು ರೊಟ್ಟಿಗೆ ಚಟ್ನಿಪುಡಿ ಹಾಕಿ ಕೊಟ್ಟರು. ಅವರು ಕೆಮ್ಮಿ, ಕಣ್ಣೊರೆಸಿಕೊಂಡು, ಇನ್ನೊಂದು ಕೇಳಿದರು. ನಾವು ಮರುದಿನ ಬ್ರೇರಿಯಾಕ್ ಪ್ರಸ್ಥಭೂಮಿಯ ಮೇಲೆ ಮಲಗುವ ಯೋಚನೆ ಹೇಳಿದಾಗ ಮಾತ್ರ ಗಂಭೀರವಾದರು. ಮೇಲೆ ಯಾವ ಆಸರೆಯೂ ಇಲ್ಲ ಅಂದರು. ಪಕ್ಕದ ಬೆಟ್ಟದ ಮೇಲೆ ಹಿಂದೆ ಚಿಕ್ಕ ಗುಡಿಸಲುಗಳಿದ್ದವು. 1971ರ ನವೆಂಬರಿನಲ್ಲಿ ಎಡಿನ್‌ಬರಾದ ಶಾಲಾ ಮಕ್ಕಳ ಗುಂಪು ಹಿಮಗಾಳಿಯಲ್ಲಿ ಅಂಥ ಒಂದು ಗುಡಿಸಲು ತಲುಪಲಾಗದೆ ಹೊರಗೇ ಉಳಿಯಿತು. ಐದು ಮಕ್ಕಳು, ಜೊತೆಗಿದ್ದ ಒಬ್ಬ ಯುವತಿ ಸತ್ತರು. ಗುಡಿಸಲಿದೆ ಅನ್ನೋ ಧೈರ್ಯವೇ ಜನರನ್ನು ಮೇಲೆ ಎಳೆಯುತ್ತದೆ ಅಂತ ಆಮೇಲೆ ಅವನ್ನು ಕಿತ್ತುಹಾಕಿದರು. "ಗಾಳಿ ಜೋರಾದರೆ ನಾಚಿಕೆ ಪಡಬೇಡಿ, ಇಳಿದುಬಿಡಿ. ಬೆಟ್ಟ ಎಲ್ಲೂ ಹೋಗಲ್ಲ" ಅಂದರು ಮುದುಕರು. ತಮ್ಮ ಕಾಗದದಲ್ಲಿ ಬರೆದುಕೊಂಡಿದ್ದ ಮುನ್ಸೂಚನೆ ಓದಿ ಹೇಳಿದರು. ಭಾನುವಾರ ಪರವಾಗಿಲ್ಲ, ಸೋಮವಾರ ಬೆಳಿಗ್ಗೆ ಮೋಡ.

ಭಾನುವಾರ: ಡೀ ಹುಟ್ಟುವ ಜಾಗ

ಬೆಳಿಗ್ಗೆ ನೀಲಿ ಆಕಾಶ. ಬಾತಿಯ ಹಿಂದಿನಿಂದಲೇ ಕಡಿದಾದ ಏರು. ತೊರೆಯ ಪಕ್ಕ ಸುತ್ತಿ ಸುತ್ತಿ ಹತ್ತಿ, ಬಲಕ್ಕೆ ತಿರುಗಿ ಕೇರ್ನ್ ಟೂಲ್ ಕಡೆಗೆ. 1291 ಮೀಟರ್, ಬ್ರಿಟನ್ನಿನ ನಾಲ್ಕನೇ ಎತ್ತರದ ಶಿಖರ. ನಮ್ಮ ಮುಳ್ಳಯ್ಯನಗಿರಿ ಇದಕ್ಕಿಂತ ಆರುನೂರು ಮೀಟರಿಗೂ ಹೆಚ್ಚು ಎತ್ತರ ಅಂತ ಭಟ್ರು ಅಂಕಿ ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಕೈಗವಸು ಹಾಕಿಕೊಂಡರು. ಇಲ್ಲಿ ಎತ್ತರಕ್ಕಿಂತ ಅಕ್ಷಾಂಶ ಮುಖ್ಯ, ಅದಕ್ಕಿಂತ ಗಾಳಿ ಮುಖ್ಯ. ಎದುರು ಬದಿಯ ಕೇರ್ನ್ ಗಾರ್ಮ್ ಶಿಖರದಲ್ಲಿ 1986ರ ಮಾರ್ಚಿನಲ್ಲಿ ಗಂಟೆಗೆ 278 ಕಿಲೋಮೀಟರ್ ವೇಗದ ಗಾಳಿ ದಾಖಲಾಗಿದೆ.

ಕೊನೆಯ ಭಾಗ ಬರೀ ಬಂಡೆಗಳ ರಾಶಿ. ಟೇಪ್ ಸುತ್ತಿದ ಬೂಟಿನಲ್ಲಿ ಭಟ್ರು ನಮ್ಮಿಬ್ಬರಿಗಿಂತ ಮುಂದೆ. ತುದಿಯಲ್ಲಿ ನಿಂತರೆ ಕೆಳಗೆ ಲಾರಿಗ್ ಗ್ರೂ ಕಣಿವೆ, ಅದರಾಚೆ 1309 ಮೀಟರಿನ ಬೆನ್ ಮಕ್‌ಡೂಯಿ. ಆ ಬೆಟ್ಟದಲ್ಲಿ ಬೂದು ಬಣ್ಣದ ಭಾರೀ ಮನುಷ್ಯನೊಬ್ಬ ಹಿಂದೆ ಹೆಜ್ಜೆ ಹಾಕುತ್ತಾನೆ ಎಂಬ ಕಥೆ ಇದೆ. ಅದನ್ನು ಹೇಳಿದವನು ಸಾಮಾನ್ಯನಲ್ಲ, ನಾರ್ಮನ್ ಕಾಲಿ ಎಂಬ ವಿಜ್ಞಾನಿ, ಹಿಮಾಲಯ ಹತ್ತಿದವನು. 1891ರಲ್ಲಿ ಮಂಜಿನಲ್ಲಿ ತನಗೆ ಹೆಜ್ಜೆ ಸದ್ದು ಕೇಳಿ ಓಡಿ ಬಂದೆ ಅಂತ 1925ರಲ್ಲಿ ಸಭೆಯೊಂದರಲ್ಲಿ ಹೇಳಿದ. "ಆಯಾಸ, ಹಸಿವು, ತಮ್ಮದೇ ನೆರಳು ಮಂಜಿನ ಮೇಲೆ ಬೀಳೋದು, ಅಷ್ಟೇರೀ" ಎಂದು ಡಾಕ್ಟ್ರು ಆ ದೆವ್ವವನ್ನು ಎರಡೇ ನಿಮಿಷದಲ್ಲಿ ಡಿಸ್ಚಾರ್ಜ್ ಮಾಡಿದರು.

ಏಂಜಲ್ಸ್ ಪೀಕ್ ದಾಟಿದ ಮೇಲೆ ನೆಲ ಚಪ್ಪಟೆಯಾಯಿತು. ಇದೇ ಪ್ರಸ್ಥಭೂಮಿ. ಗುಲಾಬಿ ಜಲ್ಲಿಕಲ್ಲು, ಪಾಚಿ, ಆಕಾಶ. ಕಲ್ಲುಗಳ ನಡುವೆ ಅಂಗೈಯಗಲದ ಹಸಿರು ದಿಂಬುಗಳು, ಅವುಗಳ ತುಂಬ ಪುಟ್ಟ ಗುಲಾಬಿ ಹೂ. ಟಾರ್ಮಿಗನ್ ಹಕ್ಕಿಯೊಂದು ಕಾಲಡಿಯಿಂದಲೇ ಗೊರಗೊರ ಅಂತ ಎದ್ದಾಗ ಮೂವರೂ ಹಾರಿಬಿದ್ದೆವು. ಅಷ್ಟು ಚೆನ್ನಾಗಿ ಕಲ್ಲಿನ ಬಣ್ಣದೊಳಗೆ ಅಡಗಿತ್ತು. ದೂರದಲ್ಲಿ ಹಿಮಸಾರಂಗಗಳು ಮೇಯುತ್ತಿದ್ದವು. ಬ್ರಿಟನ್ನಿನಲ್ಲಿ ಅಳಿದುಹೋಗಿದ್ದ ಇವನ್ನು 1952ರಲ್ಲಿ ಸ್ವೀಡನ್ನಿನ ಮಿಕೆಲ್ ಉತ್ಸಿ ಎಂಬವರು ಇಲ್ಲಿಗೆ ಮತ್ತೆ ತಂದರು. ಈಗಿರುವುದು ಅವುಗಳ ಸಂತತಿ. ನಮ್ಮನ್ನು ಒಮ್ಮೆ ನೋಡಿ, ತಿನ್ನೋಕೆ ಏನೂ ಇಲ್ಲ ಅಂತ ಗೊತ್ತಾಗಿ ಮೇವಿಗೆ ತಿರುಗಿದವು.

ಬಲಗಡೆ ನೆಲ ಒಮ್ಮೆಲೇ ಮುಗಿದು ಗಾರ್ವ್ ಕೋರಿ ಎಂಬ ದೊಡ್ಡ ಕಮರಿ ಬಾಯಿ ತೆರೆಯುತ್ತದೆ. ಜೂನಿನಲ್ಲೂ ಅಂಚಿಗೆ ಹಿಮ ಅಂಟಿಕೊಂಡಿತ್ತು. ಅದರ ಮೇಲೆ ಕಾಲಿಡಬಾರದು, ಕೆಳಗೆ ಏನೂ ಇರುವುದಿಲ್ಲ. ಕಮರಿಯ ಒಂದು ಮೂಲೆಯಲ್ಲಿ ಸ್ಫಿಂಕ್ಸ್ ಅಂತ ಕರೆಯುವ ಹಿಮದ ತುಂಡಿದೆ. ಇಪ್ಪತ್ತನೇ ಶತಮಾನದಲ್ಲಿ ಅದು ಪೂರ್ತಿ ಕರಗಿದ್ದು 1933, 1959, 1996ರಲ್ಲಿ ಮಾತ್ರ. ಈಗೀಗ ಪದೇ ಪದೇ ಕರಗುತ್ತಿದೆ.

ಸುಮಾರು 1220 ಮೀಟರ್ ಎತ್ತರದಲ್ಲಿ ಡೀ ಹುಟ್ಟುತ್ತದೆ. ಜಲ್ಲಿಯ ನಡುವೆ ಹಸಿರು ಪಾಚಿಯ ಕಲೆ, ಅದರೊಳಗಿಂದ ಸದ್ದಿಲ್ಲದೆ ಉಕ್ಕುವ ನೀರು. ಒಂದು ಹೆಜ್ಜೆಯಲ್ಲಿ ದಾಟಬಹುದು. ಅಲ್ಲಿಂದ ಸ್ವಲ್ಪ ದೂರ ಹರಿದು ಕಮರಿಗೆ ಧುಮುಕಿ, 140 ಕಿಲೋಮೀಟರ್ ಆಚೆ ಅಬರ್ಡೀನಿನಲ್ಲಿ ಸಮುದ್ರ ಸೇರುತ್ತದೆ. ತಲಕಾವೇರಿ ನೋಡಿದವರಿಗೆ ಇಲ್ಲಿ ಮೊದಲು ಕಾಣುವುದು ಏನೇನಿಲ್ಲ ಅನ್ನೋದು. ಕುಂಡ ಇಲ್ಲ, ಮೆಟ್ಟಿಲಿಲ್ಲ, ಗಂಟೆ ಇಲ್ಲ, ಒಂದು ಬೋರ್ಡೂ ಇಲ್ಲ. ಭಟ್ರು ಬೂಟು ಬಿಚ್ಚಿ ದೂರ ಇಟ್ಟು, ಬೊಗಸೆಯಲ್ಲಿ ನೀರು ತಗೊಂಡು "ಗಂಗೇ ಚ ಯಮುನೇ ಚೈವ" ಅಂದುಕೊಂಡೇ ಕುಡಿದರು. "ಕಾವೇರಿ ಅದ್ರಲ್ಲಿದ್ದಾಳೆ, ಡೀ ಇಲ್ಲಲ್ರೀ" ಅಂತ ಡಾಕ್ಟ್ರು ಕೇಳಿದ್ದಕ್ಕೆ, "ಇವತ್ತಿಂದ ಸೇರಿಸ್ಕೊಂಡೆ" ಅಂದರು. ಕೆಳಗಿನ ಹೊಳೆಗಳ ನೀರನ್ನು ನಾವು ಸೋಸಿಯೇ ಕುಡಿದಿದ್ದೆವು, ಮೇಲೆಲ್ಲೋ ಜಿಂಕೆ ಸತ್ತು ಬಿದ್ದಿರಬಹುದು. ಇಲ್ಲಿ ನೇರವಾಗಿ ಕುಡಿದೆವು. ಹಲ್ಲು ಜುಮ್ಮೆಂದಿತು.

ಬುಗ್ಗೆಯಿಂದ ಸಾಕಷ್ಟು ದೂರದಲ್ಲಿ, ಗಿಡ ಇಲ್ಲದ ಜಲ್ಲಿಯ ಮೇಲೆ ಟೆಂಟ್ ಹಾಕಿದೆವು. ಗೂಟ ನೆಲಕ್ಕೆ ಹಿಡಿಯಲಿಲ್ಲ. ಹಗ್ಗಗಳಿಗೆ ಕಲ್ಲು ಹೇರಿದೆವು. ಬೆಳಿಗ್ಗೆ ಆ ಕಲ್ಲುಗಳನ್ನೆಲ್ಲ ಮೊದಲಿದ್ದ ಕಡೆಗೇ ಇಟ್ಟು ಬಂದೆವು. ಶೌಚಕ್ಕೂ ಇಲ್ಲಿ ನಿಯಮ ಇದೆ, ನೀರಿನಿಂದ ಕನಿಷ್ಠ 30 ಮೀಟರ್ ದೂರ ಹೋಗಿ ಮಣ್ಣಲ್ಲಿ ಹೂಳಬೇಕು. ಪ್ರಸ್ಥಭೂಮಿಯಲ್ಲಿ ಹೂಳುವಷ್ಟು ಮಣ್ಣೇ ಇಲ್ಲ. ಅದಕ್ಕೆ ಚೀಲದಲ್ಲಿ ಕಟ್ಟಿ ಹೊತ್ತು ತರುವ ವ್ಯವಸ್ಥೆ ಮಾಡಿಕೊಂಡಿದ್ದೆವು. ವಿವರ ಬೇಡ.

ಸಂಜೆ ಗಾಳಿ ಏರಿತು. ಡಾಕ್ಟ್ರ ಬ್ಯಾಗಿನ ಕಿತ್ತಳೆ ಬಣ್ಣದ ಮಳೆಹೊದಿಕೆ ಒಮ್ಮೆಲೇ ಕಿತ್ತುಕೊಂಡು ಹಾರಿತು. ಭಟ್ರು ಒಂದು ಟೇಪಿನ ಬೂಟಿನಲ್ಲಿ ಅದರ ಹಿಂದೆ ಓಡಿದರು. ಅಂಚಿನಿಂದ ತುಂಬ ಮೊದಲೇ ಡಾಕ್ಟ್ರು "ನಿಲ್ರೀ! ಹದಿನೈದು ಪೌಂಡ್ ಅದು, ಹೋಗ್ಲಿ!" ಅಂತ ಕೂಗಿದ್ದು ಆಚೆ ಬೆಟ್ಟಕ್ಕೂ ಕೇಳಿಸಿರಬೇಕು. ಹೊದಿಕೆ ಕಮರಿಯ ಮೇಲೆ ಒಂದು ಸುತ್ತು ತಿರುಗಿ ಕಣ್ಮರೆಯಾಯಿತು. ಆ ಗಾಳಿಯ ಒಂದು ಉಪಕಾರವೆಂದರೆ ಒಂದೇ ಒಂದು ಮಿಜ್ ಇರಲಿಲ್ಲ. ಮೂರು ದಿನದಲ್ಲಿ ಭಟ್ರು ಪಂಚೆ ಉಟ್ಟುಕೊಂಡು ಮಲಗಿದ್ದು ಅವತ್ತೇ.

ಸೋಮವಾರ: ಇಳಿದು ಕಾಡಿಗೆ

ಮುದುಕರು ಹೇಳಿದ ಹಾಗೇ ಮೋಡ ಕೂತಿತ್ತು. ಟೆಂಟಿನ ಬಾಗಿಲು ತೆರೆದರೆ ಹತ್ತು ಹೆಜ್ಜೆ ಆಚೆ ಏನೂ ಇಲ್ಲ. ಬ್ರೇರಿಯಾಕ್ ಶಿಖರ ಇಲ್ಲಿಂದ ಒಂದೂವರೆ ಕಿಲೋಮೀಟರ್ ಒಳಗೇ ಇದೆ, ಆದರೆ ತುದಿಯ ಕಲ್ಲುಗುಪ್ಪೆ ಕೋರಿ ವ್ರೋಹನ್ ಕಮರಿಯ ಅಂಚಿನಲ್ಲೇ ಇದೆ. ಫೋನಿನ ಜಿಪಿಎಸ್ ಇತ್ತು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ ಅಂತ ಅದನ್ನು ಜೇಬಿನಲ್ಲೇ ಬಿಟ್ಟು ಕಾಗದದ ನಕ್ಷೆ, ಕಂಪಾಸ್ ಹಿಡಿದೆವು. ಭಟ್ರು ದಿಕ್ಕು ಹಿಡಿಯೋದು, ನಾನು ಹೆಜ್ಜೆ ಎಣಿಸೋದು, ಡಾಕ್ಟ್ರು ಹಿಂದೆ ನಿಂತು ನಾವು ನೇರ ಹೋಗುತ್ತಿದ್ದೇವಾ ಅಂತ ನೋಡೋದು. ಅಂಚನ್ನು ಬಲಕ್ಕೆ ದೂರವೇ ಇಟ್ಟುಕೊಂಡು ನಡೆದೆವು. ಕಲ್ಲುಗುಪ್ಪೆ ಮಂಜಿನಿಂದ ಎದ್ದು ಬಂದಾಗ ಮೂವರೂ ಒಂದೇ ಸಲ ಕೂಗಿದೆವು. 1296 ಮೀಟರ್, ಮೂರನೇ ಎತ್ತರದ್ದು. ಅಲ್ಲಿಂದ ಕಂಡದ್ದು ಒಬ್ಬರ ಮುಖ ಒಬ್ಬರಿಗೆ, ಅಷ್ಟೇ.

ಸ್ರೋನ್ ನಾ ಲಾರಿಗ್ ಏಣಿನ ಮೇಲೆ ಇಳಿಯುತ್ತ ಮೋಡದ ಕೆಳಗೆ ಬಂದೆವು. ಮೊಣಕಾಲುಗಳು ದೂರು ಹೇಳತೊಡಗಿದವು. ಲಾರಿಗ್ ಗ್ರೂ ದಾರಿ ಸೇರಿದ ಮೇಲೆ ಅಲ್ಲೊಂದು ಇಲ್ಲೊಂದು ಪೈನ್, ಆಮೇಲೆ ನಾಲ್ಕಾರು, ಆಮೇಲೆ ರಾಥಿಮರ್ಕಸ್ ಕಾಡು. ಹಳೆಯ ಸ್ಕಾಟ್ಸ್ ಪೈನ್‌ಗಳು, ಮೇಲರ್ಧ ಕಿತ್ತಳೆ ತೊಗಟೆ, ಕೆಳಗೆ ಜೂನಿಪರ್ ಪೊದೆ. ಮೊಣಕಾಲೆತ್ತರದ ಇರುವೆ ಗೂಡುಗಳು, ಎಲ್ಲ ಪೈನ್ ಎಲೆಯಿಂದಲೇ ಕಟ್ಟಿದ್ದು. ಕಾಡಿನ ವಾಸನೆ ಮೂಗಿಗೆ ಬಡಿದ ಕೂಡಲೇ ಭಟ್ರ ನಡಿಗೆ ನಿಧಾನವಾಯಿತು. ಹೊತ್ತಾಯ್ತು ಅಂದರೂ ಕೇಳಲಿಲ್ಲ. ಕೆಂಪು ಅಳಿಲೊಂದು ಕೊಂಬೆಯ ಮೇಲಿಂದ ನಮಗೆ ಬೈಯುತ್ತಿದ್ದುದನ್ನು ನಿಂತು ಪೂರ್ತಿ ಕೇಳಿಸಿಕೊಂಡರು.

ಕಾಡಿನ ನಡುವೆ ಒಂದು ಕಬ್ಬಿಣದ ಕಾಲುಸೇತುವೆ. ಕೇರ್ನ್‌ಗಾರ್ಮ್ ಕ್ಲಬ್ ಎಂಬ ಅಬರ್ಡೀನಿನ ಬೆಟ್ಟದ ಸಂಘ 1912ರಲ್ಲಿ ಕಟ್ಟಿಸಿದ್ದು. ಅದರ ಮೇಲಿನ ಫಲಕದಲ್ಲಿ ಎಲ್ಲೆಲ್ಲಿಗೆ ಎಷ್ಟು ದೂರ, ಎಷ್ಟು ಹೊತ್ತು ಅಂತ ಬರೆದಿದೆ. ಆ ಲೆಕ್ಕ ಹಾಕಿದವರು ಬಹಳ ಚುರುಕಿನ ಕಾಲಿನವರು. ಸೇತುವೆ ಕೆಳಗೆ ಮೂರು ಮಕ್ಕಳು ಪಾದ ಮುಳುಗುವ ನೀರಿನಲ್ಲಿ ಅಣೆಕಟ್ಟು ಕಟ್ಟುತ್ತಿದ್ದರು. ಅಷ್ಟು ಇಳಿದಿತ್ತು ಹೊಳೆ.

ಅವಿಮೋರ್‌ನಲ್ಲಿ ಮೊದಲು ಮಾಡಿದ ಕೆಲಸ ಉಣುಗು ಹುಡುಕುವುದು. ಜಿಂಕೆ ಇರುವ ಕಡೆಯೆಲ್ಲ ಹುಲ್ಲಿನಲ್ಲಿ ಉಣುಗು ಇರುತ್ತದೆ, ಕೆಲವು ಲೈಮ್ ಕಾಯಿಲೆ ಹರಡುತ್ತವೆ. ಭಟ್ರು ಈ ವಿಷಯದಲ್ಲಿ ಮಾತ್ರ ಮೊದಲಿನಿಂದಲೂ ತಮಾಷೆ ಮಾಡಿರಲಿಲ್ಲ. ಮಂಗನ ಕಾಯಿಲೆಯ ಸೀಮೆಯಲ್ಲಿ ಬೆಳೆದವರು, ಉಣುಗಿನ ಭಯ ಅವರಿಗೆ ಹುಟ್ಟಿನಿಂದ ಬಂದದ್ದು. ನಡೆಯುವಾಗೆಲ್ಲ ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿಯೇ ಇಟ್ಟಿದ್ದರು. ಅವರಿಗೆ ಒಂದೂ ಇರಲಿಲ್ಲ. ನನ್ನ ಮೊಣಕಾಲ ಹಿಂದೆ ಎರಡು. ಡಾಕ್ಟ್ರು ಸಣ್ಣ ಪ್ಲಾಸ್ಟಿಕ್ ಕೊಕ್ಕೆಯಲ್ಲಿ ತಿರುಗಿಸಿ ಇಡಿಯಾಗಿ ತೆಗೆದು, "ಒಂದು ತಿಂಗಳು ನೋಡ್ಕೊಳ್ರಿ. ಕೆಂಪು ಕಲೆ ದೊಡ್ಡದಾದ್ರೆ, ಜ್ವರ ಬಂದ್ರೆ ಡಾಕ್ಟ್ರ ಹತ್ರ ಹೋಗ್ರಿ" ಅಂದರು. "ನೀವೇ ಡಾಕ್ಟ್ರಲ್ವಾ?" ಅಂದೆ. "ನಾನು ಕಣ್ಣಿನ ಡಾಕ್ಟ್ರು ಮಾರಾಯ್ರೆ" ಎಂದು ಭಟ್ರ ಧಾಟಿಯಲ್ಲೇ ಹೇಳಿದರು.

ಸಿಗ್ನಲ್ ಬಂದ ಕೂಡಲೇ ಭಟ್ರು ಮನೆಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ಅವರ ತಾಯಿ, "ಎಂತಕ್ಕಾ ಅಷ್ಟ್ ದೂರ ಹೋಗಿ ಗುಡ್ಡ ಹತ್ತದು? ಇಲ್ಲಿ ಗುಡ್ಡ ಇಲ್ಯನಾ ತಮಾ?" ಎಂದು ಕೇಳಿದರು. ಭಟ್ರು ಬೂಟಿನ ವಿಷಯ ಹೇಳಲಿಲ್ಲ, ಗೆಲ್ಡಿಯ ವಿಷಯ ಹೇಳಲಿಲ್ಲ. ಪಂಚೆ ಉಪಯೋಗಕ್ಕೆ ಬಂತು ಅಂತ ಮಾತ್ರ ಹೇಳಿದರು. ರೈಲು ನಲವತ್ತು ನಿಮಿಷ ತಡ ಅಂತ ಬೋರ್ಡಿನಲ್ಲಿ ಬಂತು. ಆ ನಲವತ್ತು ನಿಮಿಷದಲ್ಲಿ ಮೂರು ಪ್ಲೇಟ್ ಚಿಪ್ಸ್, ಉಳಿದಿದ್ದ ಅಷ್ಟೂ ಶೇಂಗಾ ಚಟ್ನಿಪುಡಿ ಖಾಲಿ ಮಾಡಿದೆವು.